ಆಫೀಸ್ ಫ್ರಿಜ್ಜಿನಲ್ಲಿಟ್ಟ ಮಜ್ಜಿಗೆ ಇಟ್ಟವರಿಗೇ ಸಿಗಬೇಕಾದರೆ

ಆಫೀಸ್ ಫ್ರಿಜ್ಜಿನಿಂದ ಮೊದಲು ಮಾಯವಾಗುವುದು ಕುಡಿಯುವ ಸಾಮಾನು. ಮಜ್ಜಿಗೆ, ಮುರುಗಲು (ಕೋಕಂ, ಪುನರ್ಪುಳಿ) ಶರಬತ್ತು, ಯಾರೋ ಅರ್ಧ ಕುಡಿದಿಟ್ಟ ಸೋಡಾ. ಊಟದ ಡಬ್ಬಿಗೆ ಕೈ ಹಾಕಬೇಕಾದರೆ ಸ್ವಲ್ಪ ಧೈರ್ಯ ಬೇಕು. ಮುಚ್ಚಳ ಬಿಚ್ಚಬೇಕು, ಚಮಚ ಹುಡುಕಬೇಕು, ತಿಂದು ಮುಗಿಯುವ ತನಕ ಯಾರೂ ಬರಬಾರದು. ಬಾಟಲಿಗೆ ಇದ್ಯಾವುದೂ ಬೇಡ. ಬಾಗಿಲು ತೆರೆದು, ನಿಂತಲ್ಲೇ ನಾಲ್ಕು ಗುಟುಕು ಎತ್ತಿ ಕುಡಿದು, ಮುಚ್ಚಳ ತಿರುಗಿಸಿ ಇಟ್ಟರೆ ಮುಗಿಯಿತು. ಏಪ್ರಿಲ್, ಮೇ ತಿಂಗಳಲ್ಲಿ ಕಾರವಾರದ ಸೆಖೆ ಕಂಡವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಕೋಡಿಬಾಗದಿಂದ ಬೈಕಿನಲ್ಲಿ ಬಂದವನು ಆಫೀಸು ಮುಟ್ಟುವಾಗ ಬೆವರಿನಲ್ಲಿ ಮಿಂದಿರುತ್ತಾನೆ. ಅವನ ಕಣ್ಣಿಗೆ ಮೊದಲು ಬೀಳುವುದೇ ಫ್ರಿಜ್ಜು.

ನಾನು ಕಾರವಾರದ ಒಂದು ಖಾಸಗಿ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಲೆಕ್ಕದವಳು ಅನ್ನುವ ಕಾರಣಕ್ಕೋ ಏನೋ, ಫ್ರಿಜ್ಜಿನ ಉಸ್ತುವಾರಿಯೂ ನನ್ನ ತಲೆಗೇ ಬಂದಿದೆ. ತವರು ಶಿರಸಿ ಕಡೆ, ಗಂಡನ ಮನೆ ಅಂಕೋಲಾ. ಹಾಗಾಗಿ ತಂಬುಳಿ ಬಾಟಲಿ ಕಳೆದುಕೊಂಡವರ ಸಂಕಟವೂ ಅರ್ಥವಾಗುತ್ತದೆ, ಬಂಗಡೆ ಸಾರಿನ ಡಬ್ಬಿ ಕಳೆದುಕೊಂಡವರ ಸಿಟ್ಟೂ ಅರ್ಥವಾಗುತ್ತದೆ. ಇಲ್ಲಿ ಬರೆದದ್ದೆಲ್ಲ ನಮ್ಮಲ್ಲಿ ನಡೆದು ನಿಂತ ಕ್ರಮ. ಇಪ್ಪತ್ತು ಮೂವತ್ತು ಜನ ಇರುವ ಯಾವ ಆಫೀಸಿಗೂ ಹೊಂದುತ್ತದೆ.

ಶುರುವಿಗೆ ಒಂದು ಮಾತು ತಲೆಯಲ್ಲಿರಲಿ. ರಸ್ತೆ ಬದಿಯ ಮಾವಿನ ಮರಕ್ಕೆ ಕಲ್ಲು ಹೊಡೆಯುವವರು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಅದೇ ಹುಡುಗರು ಪಕ್ಕದ ಮನೆಯ ಅಂಗಳಕ್ಕೆ ಕಾಲಿಡುವಾಗ ಎರಡು ಸಲ ಯೋಚಿಸುತ್ತಾರೆ. ಫ್ರಿಜ್ಜಿನಲ್ಲೂ ಹಾಗೆಯೇ. ಯಜಮಾನರಿಲ್ಲದ ಹಾಗೆ ಕಾಣುವ ವಸ್ತು ಮೊದಲು ಹೋಗುತ್ತದೆ. ಕಳ್ಳರನ್ನು ಹಿಡಿಯುವುದಕ್ಕಿಂತ ಮುಂಚೆ ನಿಮ್ಮ ಡಬ್ಬಿಗೆ ಯಜಮಾನರಿದ್ದಾರೆ ಅಂತ ಕಾಣಿಸಬೇಕು.

ಯಾರು ತೆಗೆಯುತ್ತಾರೆ

ಬೇಕಂತಲೇ ಕದಿಯುವವರು ತುಂಬಾ ಕಮ್ಮಿ. ಜಾಸ್ತಿ ಜನ "ಇದು ಎಲ್ಲರದ್ದು" ಅಂದುಕೊಂಡವರು. ಅದಕ್ಕೆ ಕಾರಣವೂ ಇದೆ. ನಮ್ಮ ಕಡೆ ಮಧ್ಯಾಹ್ನ ಒಟ್ಟಿಗೆ ಕೂತರೆ ಒಬ್ಬರ ಡಬ್ಬಿಯಿಂದ ಇನ್ನೊಬ್ಬರ ತಟ್ಟೆಗೆ ಹೋಗದೇ ಇರುವ ಪದಾರ್ಥ ಇಲ್ಲ. ಯಲ್ಲಾಪುರದವರು ತಂದ ಅಪ್ಪೆಮಿಡಿ ಉಪ್ಪಿನಕಾಯಿ ಟೇಬಲ್ ಸುತ್ತ ಒಂದು ಸುತ್ತು ಹೊಡೆಯುತ್ತದೆ. ಕುಮಟಾದವರ ಈರುಳ್ಳಿ ಹುಳಿಗೆ ಎಲ್ಲರೂ ಚಮಚ ಹಾಕುತ್ತಾರೆ. ಒಂದು ಗಂಟೆಗೆ ಹಂಚಿ ತಿಂದ ಡಬ್ಬಿಯನ್ನೇ ನಾಲ್ಕು ಗಂಟೆಗೆ ಕೇಳದೆ ತೆರೆದರೆ ತಪ್ಪು ಅಂತ ಕೆಲವರಿಗೆ ಅನಿಸುವುದೇ ಇಲ್ಲ. ಇಂಥವರಿಗೆ ಬೈದು ಪ್ರಯೋಜನ ಇಲ್ಲ. ಯಾವುದು ಹಂಚುವುದು, ಯಾವುದು ಅಲ್ಲ ಅಂತ ಫ್ರಿಜ್ಜೇ ಹೇಳುವ ಹಾಗೆ ಮಾಡಬೇಕು.

ಇನ್ನು ಕೆಲವರು ಹಸಿದವರು. ರಾತ್ರಿ ತನಕ ಕೂರುವವರು, ತಿಂಗಳ ಕೊನೆಗೆ ಬಿಲ್ಲಿಂಗ್ ಇದ್ದವರು. ಮಳೆಗಾಲದ ರಾತ್ರಿ ಹೊರಗೆ ಹೋಗಿ ಏನಾದರೂ ತರೋಣ ಅಂದರೆ ರಸ್ತೆ ತುಂಬಾ ನೀರು. ಇವರಿಗೆ ಬಿಸ್ಕತ್ತು, ಅವಲಕ್ಕಿ, ಶೇಂಗಾ ಹಾಕಿದ ಒಂದು ಡಬ್ಬ ಹೊರಗೆ ಇಟ್ಟರೆ ಸಾಕು. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಮೂರನೆಯವರು ರುಚಿ ನೋಡುವವರು. "ಒಂದೇ ಒಂದು ತುಂಡು" ಅನ್ನುವ ಜಾತಿ. ಐದು ಜನ ಒಂದೊಂದು ತುಂಡು ತೆಗೆದರೆ ಡಬ್ಬಿಯವರಿಗೆ ಉಳಿಯುವುದು ಒಗ್ಗರಣೆಯ ಸಾಸಿವೆ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಏನಾದರೂ ಕಾಣೆಯಾದ ಕೂಡಲೇ ಕಸ ಗುಡಿಸುವ ಅಕ್ಕನ ಕಡೆಗೋ, ರಾತ್ರಿ ಕಾವಲಿನವರ ಕಡೆಗೋ ಬೆರಳು ತೋರಿಸುವ ಚಾಳಿ ಎಲ್ಲ ಆಫೀಸಿನಲ್ಲೂ ಇದೆ. ಇದು ಅನ್ಯಾಯ. ಕಸ ತೆಗೆಯುವವರಿಗೆ ಒಂದು ಸಣ್ಣ ದೂರು ಬಂದರೂ ಕೆಲಸ ಹೋಗುವ ಭಯ. ಹಾಗಾಗಿ ಅವರು ಬೇರೆಯವರ ಡಬ್ಬಿ ಒರೆಸಿ ಇಡುವುದಕ್ಕೂ ಕೇಳುತ್ತಾರೆ. ಎಸಿ ಕ್ಯಾಬಿನ್ನಿನವರಿಗೆ ಆ ಭಯ ಇಲ್ಲ. ನಾನು ಕಂಡ ಹಾಗೆ, ಕೇಳದೆ ಬಾಟಲಿ ಎತ್ತುವವರಲ್ಲಿ ಕುರ್ಚಿ ದೊಡ್ಡದಿದ್ದವರೇ ಮುಂದೆ.

ಹೆಸರು ಹಾಕುವ ಕ್ರಮ

"ಹೆಸರು ಬರೆದಿಡಿ" ಅಂತ ಎಲ್ಲರೂ ಹೇಳುತ್ತಾರೆ. ಬರೆದ ಹೆಸರು ನಿಲ್ಲುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ಕರಾವಳಿಯ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ತಣ್ಣಗಿನ ಡಬ್ಬಿಯನ್ನು ಹೊರಗೆ ತೆಗೆದ ಕೂಡಲೇ ಮೇಲೆಲ್ಲ ನೀರಿನ ಹನಿ ಕೂರುತ್ತದೆ. ಬಾಲ್‌ಪೆನ್ನಿನಲ್ಲಿ ಬರೆದ ಚೀಟಿ ಎರಡೇ ದಿನಕ್ಕೆ ಒದ್ದೆಯಾಗಿ ಜಾರಿ ತರಕಾರಿ ಟ್ರೇಗೆ ಬೀಳುತ್ತದೆ. ಆಮೇಲೆ ಅದು ಯಾರ ಚೀಟಿ, ಯಾವ ಡಬ್ಬಿಯದ್ದು ಅಂತ ಹುಡುಕುತ್ತಾ ಕೂರಬೇಕು.

ಬಣ್ಣ ಬಳಿಯುವವರು ಬಳಸುವ ಕಾಗದದ ಟೇಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಒಂದು ಸುರುಳಿಯನ್ನೂ ಅಳಿಸಿ ಹೋಗದ ಮಾರ್ಕರ್ ಪೆನ್ನನ್ನೂ ದಾರ ಕಟ್ಟಿ ಫ್ರಿಜ್ಜಿನ ಪಕ್ಕ ತೂಗಿಬಿಡಿ. ದಾರ ಕಟ್ಟದಿದ್ದರೆ ಪೆನ್ನೂ ಹೋಗುತ್ತದೆ. ಟೇಪನ್ನು ಡಬ್ಬಿ ಒಣಗಿದ್ದಾಗಲೇ, ಫ್ರಿಜ್ಜಿಗೆ ಇಡುವ ಮುಂಚೆ ಅಂಟಿಸಬೇಕು. ತಣ್ಣಗಾದ ಮೇಲೆ ಅಂಟಿಸಿದರೆ ಹಿಡಿಯುವುದಿಲ್ಲ. ಹೆಸರಿನ ಜೊತೆ ಇಟ್ಟ ದಿನಾಂಕ ಬರೆಯಿರಿ. ದಿನಾಂಕ ಕಂಡರೆ ಅದನ್ನು ಯಾರೋ ಲೆಕ್ಕ ಇಟ್ಟುಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ, ಅಲ್ವಾ? ಕೈ ಹಾಕುವವರಿಗೆ ಅದೇ ಒಂದು ತಡೆ.

ಬಾಟಲಿಗಾದರೆ ಮುಚ್ಚಳದ ಮೇಲೆ ಬರೆಯಬೇಡಿ. ಮುಚ್ಚಳಗಳು ಬಾಟಲಿಯಿಂದ ಬಾಟಲಿಗೆ ಬದಲಾಗುತ್ತವೆ. ಹೊಟ್ಟೆಯ ಮೇಲೆ ಬರೆಯಿರಿ. ಎಷ್ಟು ಇತ್ತು ಅಂತ ಒಂದು ಗೆರೆಯನ್ನೂ ಎಳೆಯಬಹುದು. ಕೆಲವರಿಗೆ ಇದು ಜಿಪುಣತನ ಅನಿಸುತ್ತದೆ. ಅನಿಸಲಿ.

ಎಲ್ಲಕ್ಕಿಂತ ಗಟ್ಟಿ ಉಪಾಯ ನಮ್ಮ ಅಜ್ಜಿಯರದ್ದು. ಮದುವೆಯಲ್ಲಿ ಕೊಟ್ಟ ಪಾತ್ರೆಯ ಮೇಲೆಲ್ಲ ಹೆಸರು ಕೆತ್ತಿಸುತ್ತಿದ್ದರು. ಸಮಾರಂಭಕ್ಕೆ ಹತ್ತು ಮನೆಯ ಪಾತ್ರೆ ಸೇರಿದರೂ ಮರುದಿನ ಅವರವರ ಮನೆಗೆ ಸರಿಯಾಗಿ ಹೋಗುತ್ತಿತ್ತು. ಪಾತ್ರೆ ಅಂಗಡಿಗಳಲ್ಲಿ ಈಗಲೂ ಸಣ್ಣ ಮಷೀನಿನಲ್ಲಿ ಕೆತ್ತಿಕೊಡುತ್ತಾರೆ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ ತಂದು ಹೆಸರು ಹಾಕಿಸಿ. ಇನಿಷಿಯಲ್ ಮಾತ್ರ ಸಾಲದು, ಪೂರ್ತಿ ಹೆಸರು ಇರಲಿ. ಕೆತ್ತಿದ ಹೆಸರಿನ ಡಬ್ಬಿಯಿಂದ ತಿನ್ನುವಾಗ ಆ ಮನುಷ್ಯರ ಮುಖ ನೆನಪಾಗಿಯೇ ಆಗುತ್ತದೆ.

ಸ್ಟೀಲಿಗೆ ಇನ್ನೊಂದು ಲಾಭ ಇದೆ. ಒಳಗೆ ಏನಿದೆ ಅಂತ ಹೊರಗೆ ಕಾಣುವುದಿಲ್ಲ. ಗಾಜಿನ ಬಾಟಲಿಯಲ್ಲಿ ಕೆಂಪಗೆ ಹೊಳೆಯುವ ಮುರುಗಲು ಶರಬತ್ತು ಸುಮ್ನೆ ಕೂತಲ್ಲೇ ಜನರನ್ನು ಕರೆಯುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ಸಿಹಿತಿಂಡಿಯ ಕಥೆಯೂ ಅದೇ.

ಎಲ್ಲರದ್ದು ಅಂತ ಒಂದು ಶೆಲ್ಫು

ನನ್ನ ಅನುಭವದಲ್ಲಿ ಜಾಸ್ತಿ ಫಲ ಕೊಟ್ಟದ್ದು ಇದು. ಬಾಯಾರಿದವರಿಗೆ ಸರಿಯಾದ ದಾರಿ ಒಂದಿದ್ದರೆ ತಪ್ಪು ದಾರಿಗೆ ಹೋಗುವವರು ಕಮ್ಮಿಯಾಗುತ್ತಾರೆ. ಫ್ರಿಜ್ಜಿನ ಮೇಲಿನ ಶೆಲ್ಫನ್ನು ಎಲ್ಲರಿಗೂ ಅಂತ ಬಿಟ್ಟುಬಿಡಿ. ದೊಡ್ಡ ಅಕ್ಷರದಲ್ಲಿ "ಎಲ್ಲರದ್ದು" ಅಂತ ಟೇಪ್ ಅಂಟಿಸಿ. ಉಳಿದ ಶೆಲ್ಫು "ಇಟ್ಟವರದ್ದು". ಇಷ್ಟು ಮಾಡಿದರೆ "ನನಗೆ ಗೊತ್ತಿರಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ.

ನಾವು ತಿಂಗಳಿಗೆ ತಲಾ 50 ರೂಪಾಯಿ ವಂತಿಗೆ ಹಾಕುತ್ತೇವೆ. ಅದರಲ್ಲಿ ಚಹಾದ ಹಾಲು, ಸಕ್ಕರೆ, ಮಜ್ಜಿಗೆಗೆ ಮೊಸರು ಬರುತ್ತದೆ. ಅರ್ಧ ಲೀಟರ್ ಮೊಸರಿಗೆ ಎರಡು ಲೀಟರ್ ನೀರು ಹಾಕಿ ಕಡೆದು, ಶುಂಠಿ, ಹಸಿಮೆಣಸು ಜಜ್ಜಿ ಹಾಕಿ, ಉಪ್ಪು ಸೇರಿಸಿ, ಇಂಗಿನ ಒಗ್ಗರಣೆ ಕೊಟ್ಟರೆ ಹತ್ತು ಹನ್ನೆರಡು ಲೋಟ ಆಗುತ್ತದೆ. ನೀರು ಮಜ್ಜಿಗೆ ಅಂತ ಮೂಗು ಮುರಿಯುವವರು ಇದ್ದಾರೆ. ಸೆಖೆಗೆ ಅದೇ ಸರಿ.

ಮುರುಗಲು ಇದಕ್ಕಿಂತಲೂ ಸುಲಭ. ಹಣ್ಣು ಬರುವುದೇ ಬೇಸಿಗೆಯ ಕೊನೆಗೆ, ಮಳೆ ಹಿಡಿಯುವ ಮುಂಚೆ. ಹಣ್ಣನ್ನು ಎರಡು ಹೋಳು ಮಾಡಿ ಬೀಜ ತೆಗೆಯಬೇಕು. ಒಣಗಿದ ಗಾಜಿನ ಜಾಡಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹಾಕುತ್ತಾ ಹೋಗಿ, ಬಾಯಿಗೆ ಬಟ್ಟೆ ಕಟ್ಟಿ ಕೆಲವು ದಿನ ಬಿಸಿಲಿಗೆ ಇಡಬೇಕು. ಸಕ್ಕರೆ ಕರಗಿ ರಸ ಬಿಡುತ್ತದೆ. ಅದನ್ನು ಸೋಸಿ ಇಟ್ಟುಕೊಂಡರೆ ಮುಂದೆ ಬೇಕಾದಾಗ ನೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ ಹಾಕಿ ಕುಡಿಯಬಹುದು. ಇಷ್ಟು ಕೆಲಸ ಬೇಡ ಅನ್ನುವವರು ಸಂತೆಯಲ್ಲಿ ಸಿಗುವ ಒಣ ಸಿಪ್ಪೆ ತಂದು ಅರ್ಧ ಗಂಟೆ ನೆನೆಸಿ ಕಿವುಚಿದರೆ ಆಯಿತು. ನಮ್ಮ ಆಫೀಸಿನಲ್ಲಿ ಹಣ್ಣಿನ ಕಾಲಕ್ಕೆ ಯಾರ ಮನೆಯಲ್ಲಿ ಮರ ಇದೆಯೋ ಅವರು ಹಣ್ಣು ತರುತ್ತಾರೆ, ಸಕ್ಕರೆ ವಂತಿಗೆಯದ್ದು.

ಜನವರಿ ದಾಟಿದ ಮೇಲೆ ಘಟ್ಟದ ಮೇಲಿನವರು ಯಾರಾದರೂ ಆಲೆಮನೆಯಿಂದ ಕಬ್ಬಿನ ಹಾಲು ತರುತ್ತಾರೆ. ದೇವಿಮನೆ ಘಟ್ಟ ಇಳಿದು ಬರುವಷ್ಟರಲ್ಲೇ ಅದು ಹುಳಿಯಾಗಲು ಶುರು. ಇದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಫ್ರಿಜ್ಜಿನಲ್ಲಿ ಮರೆತರೆ ಒಳಗೆ ಗ್ಯಾಸ್ ಕಟ್ಟಿ, ತೆರೆದ ಕೂಡಲೇ ಮುಖಕ್ಕೆ ಚಿಮ್ಮುತ್ತದೆ. ತಂದ ದಿನವೇ ಹಂಚಿ ಮುಗಿಸುವುದು ಲೇಸು. ಇದನ್ನು ಯಾರೂ ಕದಿಯುವ ಪ್ರಶ್ನೆಯೇ ಬರುವುದಿಲ್ಲ, ಯಾಕೆಂದರೆ ಕ್ಯಾನು ಒಳಗೆ ಬರುವಾಗಲೇ ಲೋಟ ಹಿಡಿದು ಸಾಲು ನಿಂತಿರುತ್ತದೆ. ಹಾಗೆಯೇ ತೊಡೆದೇವು, ಅಂದರೆ ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ, ತಂದರೆ ಅದನ್ನು ಫ್ರಿಜ್ಜಿಗೆ ಇಡಲೇಬೇಡಿ. ಪಸೆ ಎಳೆದು ಮೆತ್ತಗಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಹಾಕಿ ನಿಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ಳಿ. ಚವತಿ ಹಬ್ಬದ ಚಕ್ಕುಲಿಗೂ ಇದೇ ಮಾತು.

ಎಲ್ಲಿ ಏನು ಇಡಬೇಕು

ಕಾರವಾರದಲ್ಲಿ ಒಂದು ವಿಶೇಷ ತೊಂದರೆ ಇದೆ. ಬೆಳಿಗ್ಗೆ ಮೀನು ಮಾರ್ಕೆಟ್ಟಿಗೆ ಹೋಗಿ ತಾಜಾ ಬಂಗಡೆ ಕಂಡರೆ ಬಿಟ್ಟು ಬರಲು ಯಾರಿಗೆ ಮನಸ್ಸಾಗುತ್ತದೆ? ಮನೆಗೆ ಹೋಗಿ ಇಟ್ಟು ಬರಲು ಹೊತ್ತಿಲ್ಲ. ಸೀದಾ ಆಫೀಸ್ ಫ್ರಿಜ್ಜಿಗೆ ಬರುತ್ತದೆ, ಅದೂ ತೆಳ್ಳಗಿನ ಕ್ಯಾರಿಬ್ಯಾಗಿನಲ್ಲಿ. ಕೆಳಗಿನ ಶೆಲ್ಫಿನ ಮೊಸರನ್ನದ ಮೇಲೆ ರಕ್ತದ ನೀರು ತೊಟ್ಟಿಕ್ಕುತ್ತದೆ. ಸೋಮವಾರ ಮೀನು ಮುಟ್ಟದವರು, ಹುಟ್ಟಿನಿಂದಲೇ ಮುಟ್ಟದವರು ಎಲ್ಲರೂ ಬಳಸುವ ಫ್ರಿಜ್ಜು ಅದು. ಜಗಳಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಹಸಿ ಮೀನು ಆಫೀಸಿಗೆ ಬೇಡ ಅನ್ನುವುದು ನನ್ನ ಮತ. ಬರಲೇಬೇಕು ಅಂದರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಎಲ್ಲಕ್ಕಿಂತ ಕೆಳಗೆ. ಬೇಯಿಸಿದ್ದು ಮೇಲೆ, ಹಸಿಯದ್ದು ಕೆಳಗೆ ಅನ್ನುವುದು ಯಾವ ಅಡುಗೆಮನೆಗೂ ಒಪ್ಪುವ ನಿಯಮ. ಬಂಗಡೆ, ತಾರ್ಲೆಯಂಥ ಮೀನು ಬಿಸಿಗೆ ಸಿಕ್ಕರೆ ಅದರಲ್ಲಿ ಹಿಸ್ಟಮೈನ್ ಅನ್ನುವ ಪದಾರ್ಥ ಹೆಚ್ಚುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ ತುರಿಕೆ, ತಲೆನೋವು ಬರುತ್ತದೆ. ಹೊತ್ತಿಗೊಮ್ಮೆ ಬಾಗಿಲು ತೆರೆಯುವ ಆಫೀಸ್ ಫ್ರಿಜ್ಜನ್ನು ನಂಬಿ ಇಡೀ ದಿನ ಮೀನು ಇಡುವುದು ಅಷ್ಟು ಒಳ್ಳೆಯದಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುವಾಗ ಈ ತೊಂದರೆ ಇಳಿಯುತ್ತದೆ. ಆಗ ಒಣ ಶೆಟ್ಲಿ (ಸೀಗಡಿ) ಚಟ್ನಿ ಬರುತ್ತದೆ. ಅದರ ಪರಿಮಳದ ಬಗ್ಗೆ ನಾನು ಗಂಡನ ಮನೆಯವರ ಎದುರು ಏನೂ ಮಾತಾಡುವುದಿಲ್ಲ.

ಒಳಗಿನ ಬಿಸಿ 5 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೇ ಇರಬೇಕು. ಒಂದು ಸಣ್ಣ ಥರ್ಮಾಮೀಟರ್ ತಂದು ನಡುವಿನ ಶೆಲ್ಫಿನಲ್ಲಿ ಇಟ್ಟರೆ ವಾದಕ್ಕೆ ಜಾಗ ಇರುವುದಿಲ್ಲ. ಬಾಗಿಲಿನ ಖಾನೆ ಎಲ್ಲಕ್ಕಿಂತ ಬಿಸಿ. ಅಲ್ಲಿ ಉಪ್ಪಿನಕಾಯಿ, ಸಾಸ್ ಇಡಬಹುದು. ಹಾಲು ಒಳಗೇ ಇರಲಿ. ಕಾಯಿ ಹಾಕಿದ ಪದಾರ್ಥ, ಅಂದರೆ ತಂಬುಳಿ, ಚಟ್ನಿ, ಸೋಲ್ ಕಡಿ ಇವೆಲ್ಲ ಅವತ್ತಿಂದವತ್ತೇ ಮುಗಿಯಬೇಕು. ಅನ್ನ, ಪಲ್ಯ, ಸಾರು ಇದ್ದರೆ ಹೆಚ್ಚೆಂದರೆ ಮೂರು ದಿನ.

ಎರಡು ವಸ್ತುಗಳ ಬಗ್ಗೆ ನಗೆಚಾಟಿಕೆ ಸಲ್ಲದು. ಒಂದು ಇನ್ಸುಲಿನ್. ಸಕ್ಕರೆ ಕಾಯಿಲೆ ಇದ್ದವರು ಆಫೀಸಿನಲ್ಲಿ ಇಟ್ಟರೆ ಅದು 2ರಿಂದ 8 ಡಿಗ್ರಿ ಒಳಗೆ ಇರಬೇಕು, ಹೆಪ್ಪುಗಟ್ಟಬಾರದು. ಒಂದೇ ಬಾಗಿಲಿನ ಫ್ರಿಜ್ಜಾದರೆ ಮೇಲಿನ ಐಸ್ ಪೆಟ್ಟಿಗೆಯ ಹತ್ತಿರವೂ ಬೇಡ, ಹಿಂದಿನ ಗೋಡೆಗೆ ತಾಗಿಯೂ ಬೇಡ. ಇನ್ನೊಂದು, ಹಾಲುಣಿಸುವ ತಾಯಂದಿರು ತೆಗೆದಿಟ್ಟ ಹಾಲು. ಸರಿಯಾಗಿ ತಣ್ಣಗಿದ್ದರೆ ಅದು ನಾಲ್ಕು ದಿನ ಇರುತ್ತದೆ. ಆದರೆ ಪ್ಯಾಕೆಟ್ ಹಾಲು ಖಾಲಿಯಾದ ದಿನ ಚಹಾ ಮಾಡುವವರ ಕೈ ಬೆಳ್ಳಗೆ ಕಂಡ ಬಾಟಲಿಯ ಕಡೆಗೇ ಹೋಗುತ್ತದೆ. ಈ ಎರಡಕ್ಕೂ ಬೇರೆ ಒಂದು ಮುಚ್ಚಳದ ಪೆಟ್ಟಿಗೆ ಇಟ್ಟು, ಮೇಲೆ ಕೆಂಪು ಟೇಪ್ ಹಚ್ಚಿ, "ಔಷಧಿ, ಮುಟ್ಟಬೇಡಿ" ಅಂತ ಬರೆದುಬಿಡಿ. ಒಳಗೆ ಏನಿದೆ, ಯಾರದ್ದು ಅಂತ ಊರಿಗೆಲ್ಲ ತಿಳಿಯುವ ಅಗತ್ಯ ಇಲ್ಲ.

ಶನಿವಾರದ ಕೆಲಸ

ವಾರಕ್ಕೊಮ್ಮೆ ಖಾಲಿ ಮಾಡದ ಫ್ರಿಜ್ಜಿನಲ್ಲಿ ಯಾರ ಡಬ್ಬಿಗೂ ಬೆಲೆ ಇರುವುದಿಲ್ಲ. ಹಿಂದೆ ಕೂತ ಹಳೇ ಡಬ್ಬಿಗಳ ನಡುವೆ ನಿಮ್ಮದೂ ಬೇಡವಾದದ್ದು ಅಂತಲೇ ಕಾಣುತ್ತದೆ. ನಮ್ಮಲ್ಲಿ ಶನಿವಾರ ಅರ್ಧ ದಿನ. ಹನ್ನೆರಡು ಗಂಟೆಗೆ ಒಂದು ಕೂಗು ಹಾಕುತ್ತೇವೆ, ಒಂದು ಗಂಟೆಗೆ ಹೆಸರಿಲ್ಲದ್ದು, ದಿನಾಂಕ ದಾಟಿದ್ದು ಎಲ್ಲ ಹೊರಗೆ. ಪದಾರ್ಥ ಮಾತ್ರ ಚೆಲ್ಲಬೇಕು. ಡಬ್ಬಿಯನ್ನು ತೊಳೆದು ಕಿಟಕಿ ಹತ್ತಿರ ಬೋರಲು ಹಾಕಿಡಿ. ಇನ್ನೊಬ್ಬರ ಡಬ್ಬಿಯನ್ನೇ ಕಸಕ್ಕೆ ಹಾಕಿದರೆ ಅದರ ಜಗಳ ಮಜ್ಜಿಗೆಯ ಜಗಳಕ್ಕಿಂತ ದೊಡ್ಡದು. ಸರದಿ ಪಟ್ಟಿ ಮಾಡಿ, ಮ್ಯಾನೇಜರ್ ಹೆಸರೂ ಅದರಲ್ಲಿರಲಿ.

ಮಳೆಗಾಲದಲ್ಲಿ ಕೊಂಬೆ ಬಿದ್ದು ಹೆಸ್ಕಾಂ ಲೈನು ಹೋಗುವುದು ಮಾಮೂಲು. ಬಾಗಿಲು ತೆರೆಯದೇ ಇದ್ದರೆ ಸುಮಾರು ನಾಲ್ಕು ಗಂಟೆ ಒಳಗಿನ ತಂಪು ನಿಲ್ಲುತ್ತದೆ. ಆಮೇಲೆ ಹಾಲು, ಮೀನು, ಅನ್ನ ನಂಬಬಾರದು. ಭಾನುವಾರ ಕರೆಂಟ್ ಹೋಗಿ ಬಂದಿತ್ತೋ ಅಂತ ಸೋಮವಾರ ಗೊತ್ತಾಗುವುದು ಹೇಗೆ? ಫ್ರೀಜರಿನಲ್ಲಿ ಒಂದು ಲೋಟ ನೀರು ಗಟ್ಟಿಯಾಗಲು ಬಿಟ್ಟು, ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ಸೋಮವಾರ ನಾಣ್ಯ ಮೇಲೇ ಇದ್ದರೆ ಸರಿ. ಕೆಳಗೆ ಹೋಗಿದ್ದರೆ ನಡುವೆ ಐಸ್ ಕರಗಿತ್ತು ಅಂತ ಅರ್ಥ. ಆ ನಾಣ್ಯವನ್ನು ಇದುವರೆಗೆ ಯಾರೂ ತೆಗೆದುಕೊಂಡಿಲ್ಲ.

ಮಾತಾಡುವ ರೀತಿ

ವಾಟ್ಸಾಪ್ ಗುಂಪಿನಲ್ಲಿ "ಯಾರೋ ಒಬ್ಬರು ನನ್ನ ಊಟ ಕದ್ದಿದ್ದಾರೆ, ನಾಚಿಕೆಯಾಗಬೇಕು" ಅಂತ ಹಾಕಬೇಡಿ. ತಪ್ಪು ಮಾಡದ ಇಪ್ಪತ್ತು ಜನರಿಗೆ ಬೇಸರವಾಗುತ್ತದೆ, ಮಾಡಿದವರು ನಗುವ ಚಿತ್ರ ಒತ್ತಿ ಮುಂದೆ ಹೋಗುತ್ತಾರೆ. ಫ್ರಿಜ್ಜಿನ ಮೇಲೆ ಸಿಟ್ಟಿನ ಚೀಟಿ ಅಂಟಿಸಿದರೆ ಅದರ ಕೆಳಗೆ ಯಾರೋ ತಮಾಷೆ ಬರೆದು ಹೋಗುತ್ತಾರೆ. ನಾವು ಅಂಟಿಸಿದ ಚೀಟಿ ಹೀಗಿದೆ:

"ಮೇಲಿನ ಶೆಲ್ಫು ಎಲ್ಲರದ್ದು, ಬೇಕಾದಷ್ಟು ತೆಗೆದುಕೊಳ್ಳಿ. ಉಳಿದದ್ದು ಇಟ್ಟವರದ್ದು, ಕೇಳಿ ತೆಗೆದುಕೊಳ್ಳಿ. ಶನಿವಾರ ಒಂದು ಗಂಟೆಗೆ ಫ್ರಿಜ್ಜು ಖಾಲಿ."

ಇದರಲ್ಲಿ ಸಿಟ್ಟೂ ಇಲ್ಲ, ದಯವಿಟ್ಟುಗಳ ಸಾಲೂ ಇಲ್ಲ.

ಯಾರು ಅಂತ ಖಾತ್ರಿಯಾದರೆ ಒಬ್ಬರೇ ಇರುವಾಗ ಕೇಳಿ. ಊಟದ ಟೇಬಲ್ ಸುತ್ತ ಎಲ್ಲರ ಎದುರು ಬೇಡ. ನಮ್ಮ ಡಿಸ್ಪ್ಯಾಚಿನ ಅಣ್ಣನ ಹತ್ತಿರ ನಾನು ಆಡಿದ ಮಾತು ಇಷ್ಟೇ:

"ಅಣ್ಣಾ, ನೀಲಿ ಮುಚ್ಚಳದ ಬಾಟಲಿ ನಂದು. ಇವತ್ತು ಖಾಲಿ ಸಿಕ್ಕಿತು. ನೀವು ಕುಡಿದ್ರಾ?"

"ಹೌದಾ? ಎಲ್ಲರದ್ದು ಅಂದ್ಕೊಂಡೆ ಮಾರಾಯ್ತಿ."

"ಅಡ್ಡಿಲ್ಲ. ಎಲ್ಲರದ್ದು ಮೇಲಿದೆ, ಅದ್ರಲ್ಲಿ ಎಷ್ಟು ಬೇಕಾದ್ರೂ ಕುಡೀರಿ. ಇದು ಮಾತ್ರ ಬಿಡಿ, ನಂಗೆ ಮಧ್ಯಾಹ್ನಕ್ಕೆ ಬೇಕು."

"ಕುಡಿದ್ರಾ" ಅಂತ ನೇರ ಕೇಳಬೇಕು. ಸುತ್ತಿ ಬಳಸಿ ಹೇಳಿದರೆ ಅವರಿಗೂ ಮುಜುಗರ, ನಿಮಗೂ. "ಅಡ್ಡಿಲ್ಲ" ಅಂದ ಕೂಡಲೇ ಅರ್ಧ ಬಿಗಿ ಸಡಿಲುತ್ತದೆ. ಆದರೆ ಅಲ್ಲಿಗೇ ಮುಗಿಸಬೇಡಿ. ಮುಂದೆ ಏನು ಮಾಡಬಾರದು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಿ. ಇಲ್ಲದಿದ್ದರೆ ಅಡ್ಡಿಲ್ಲ ಅನ್ನುವುದನ್ನು ನಾಳೆಗೂ ಅನ್ವಯಿಸಿಕೊಳ್ಳುತ್ತಾರೆ.

ಮೇಲಿನವರೇ ಕುಡಿಯುತ್ತಿದ್ದರೆ? ಬೆಳಿಗ್ಗೆ ಅವರ ಕ್ಯಾಬಿನ್ನಿಗೆ ಹೋಗಿ, "ಸರ್, ಎಲ್ಲರಿಗೂ ಅಂತ ಮಜ್ಜಿಗೆ ಮಾಡಿದೇವೆ. ನಿಮಗೆ ಒಂದು ಲೋಟ ಟೇಬಲ್ಲಿಗೇ ಕಳಿಸ್ಲಾ? ವಂತಿಗೆ ತಿಂಗಳಿಗೆ ಐವತ್ತು" ಅನ್ನಿ. ಬೇಡ ಅಂದವರನ್ನು ನಾನು ಕಂಡಿಲ್ಲ. ನೂರು ಕೊಟ್ಟು ಚಿಲ್ಲರೆ ಬೇಡ ಅಂದವರು ಇದ್ದಾರೆ.

ಹೇಳಿದ ಮೇಲೂ ಮತ್ತೆ ಮತ್ತೆ ಹೋದರೆ ಏನೇನು, ಯಾವ ದಿನ ಹೋಯಿತು ಅಂತ ಬರೆದಿಟ್ಟು ಎಚ್‌ಆರ್ ನೋಡುವವರಿಗೆ ಕೊಡಿ. ಹೆಸರು ಊಹಿಸಿ ಬರೆಯಬೇಡಿ.

ಸೇಡಿನ ಸಿಹಿ ಬೇಡ

ಆಫೀಸಿನಲ್ಲಿ ಒಬ್ಬರಾದರೂ ಈ ಉಪಾಯ ಹೇಳಿಯೇ ಹೇಳುತ್ತಾರೆ: "ಬೇಧಿ ಮಾತ್ರೆ ಪುಡಿ ಮಾಡಿ ಪಾಯಸಕ್ಕೆ ಹಾಕಿಡು, ಕಳ್ಳ ತಾನಾಗಿಯೇ ಸಿಕ್ಕಿಬೀಳ್ತಾನೆ." ಕೇಳಲು ಮಜಾ ಇದೆ. ಮಾಡಿದರೆ ಸಿಕ್ಕಿಬೀಳುವುದು ನೀವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಮಿನಲ್ಲಿ, ನೋವುಂಟು ಮಾಡುವ ಉದ್ದೇಶದಿಂದ ವಿಷವನ್ನೋ ಕೆಡುಕು ಮಾಡುವ ಔಷಧಿಯನ್ನೋ ತಿನ್ನಿಸಿದರೆ 10 ವರ್ಷದ ತನಕ ಜೈಲು ಇದೆ. ಅದೇ ಸಂಹಿತೆಯ 303ನೇ ಕಲಮಿನ ಪ್ರಕಾರ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳವಿಗೆ, ಮೊದಲ ಸಲ ಶಿಕ್ಷೆಯಾದವರು ವಸ್ತುವನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟರೆ, ಸಮುದಾಯ ಸೇವೆಯ ಶಿಕ್ಷೆ. ಪಾಯಸ ಕದ್ದವನು ಕಸ ಗುಡಿಸಿ ಮನೆಗೆ ಹೋಗುತ್ತಾನೆ, ಪಾಯಸ ಮಾಡಿದವರು ಒಳಗೆ. ಸೂಜಿಮೆಣಸು ಅರೆದು ಹಾಕುವುದೂ ಬೇಡ. ಕುಡಿದವರಿಗೆ ಹೊಟ್ಟೆಹುಣ್ಣು ಇದ್ದರೆ ಯಾರು ಉತ್ತರ ಕೊಡುತ್ತಾರೆ?

ಬೀಗದ ವಿಷಯ. ನಮ್ಮಲ್ಲಿ ಸಿಗುವ ಎಷ್ಟೋ ಫ್ರಿಜ್ಜುಗಳಿಗೆ ಬೀಗದ ಕೈ ಜೊತೆಗೇ ಬರುತ್ತದೆ. ಹಾಕಬಹುದು. ಆದರೆ ಕೀಲಿ ಇಟ್ಟುಕೊಂಡವರು ರಜೆ ಹಾಕಿದ ದಿನ ಇಡೀ ಆಫೀಸಿನ ಊಟ ಒಳಗೇ ಕೂರುತ್ತದೆ. ಅದಕ್ಕಿಂತ ಫ್ರಿಜ್ಜನ್ನು ಮೂಲೆಯಿಂದ ತೆಗೆದು ನಾಲ್ಕು ಜನ ಓಡಾಡುವ ಜಾಗಕ್ಕೆ ತನ್ನಿ. ನಮ್ಮದು ಸ್ಟೋರ್ ರೂಮಿನಿಂದ ಊಟದ ಟೇಬಲ್ ಪಕ್ಕಕ್ಕೆ ಬಂದ ಮೇಲೆ ದೂರುಗಳು ಎದ್ದು ಕಾಣುವ ಹಾಗೆ ಇಳಿದವು.

ಇಷ್ಟೆಲ್ಲ ತಾಪತ್ರಯ ಬೇಡ ಅನ್ನುವವರು ಫ್ರಿಜ್ಜಿನ ಸಹವಾಸವನ್ನೇ ಬಿಡಬಹುದು. ಚಪಾತಿ, ಅವಲಕ್ಕಿ, ಉಪ್ಪಿನಕಾಯಿಗೆ ತಂಪು ಬೇಡವೇ ಬೇಡ. ಮಜ್ಜಿಗೆಗೆ ಎರಡು ಪದರದ ಸ್ಟೀಲ್ ಫ್ಲಾಸ್ಕು ಸಾಕು. ರಾತ್ರಿ ಫ್ರಿಜ್ಜಿನಲ್ಲಿಟ್ಟ ಮಜ್ಜಿಗೆಯನ್ನೇ ಬೆಳಿಗ್ಗೆ ತುಂಬಿಸಿ, ಮಧ್ಯಾಹ್ನ ತನಕ ತಣ್ಣಗಿರುತ್ತದೆ. ಉಳಿದದ್ದಕ್ಕೆ ಒಳಗೆ ಬೆಳ್ಳಿ ಬಣ್ಣದ ಪದರ ಇರುವ ತಂಪು ಚೀಲ ಸಿಗುತ್ತದೆ. ಅದರಲ್ಲಿ ಗಟ್ಟಿಯಾದ ಐಸ್ ಪ್ಯಾಕ್ ಎರಡಿರಲಿ, ಡಬ್ಬಿಯ ಕೆಳಗೊಂದು, ಮೇಲೊಂದು. ಚೀಲ ನಿಮ್ಮ ಕುರ್ಚಿಯ ಕೆಳಗಿರಲಿ, ಕಿಟಕಿಯ ಬಿಸಿಲು ಬೀಳದ ಕಡೆ. ಸಂಜೆ ಮನೆಗೆ ಹೋದ ಕೂಡಲೇ ಐಸ್ ಪ್ಯಾಕನ್ನು ಫ್ರೀಜರಿಗೆ ಹಾಕಿಬಿಡಿ, ಬೆಳಿಗ್ಗೆ ಹಾಕಿದರೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ.